ಹದಿನೇಳು ಬುಧವಾರಗಳ ಸಾಕ್ಷಿ

ವಿಲ್ಮಾ ಕೊಸಾಕ್ ನಮ್ಮೂರ ಶಾಲೆಯ ಬಸ್ಸು ಓಡಿಸಲು ಹಿಡಿದು ಇಪ್ಪತ್ತಾರು ವರ್ಷ. ಪೆನ್ಸಿಲ್ವೇನಿಯಾದ ಹಿಮದಲ್ಲೂ ಅವಳ ಬಸ್ಸು ಹಳ್ಳಕ್ಕಿಳಿದದ್ದಿಲ್ಲ. ಎಳೆಯ ಮಕ್ಕಳನ್ನು ಕರೆದುಕೊಂಡು ಹೋಗಲು ದೊಡ್ಡವರು ನಿಂತಿರಬೇಕು, ಇಲ್ಲದಿದ್ದರೆ ಮಗುವನ್ನು ಇಳಿಸುವಂತಿಲ್ಲ. ಆ ನಿಯಮವನ್ನು ಅವಳು ಒಮ್ಮೆಯೂ ಮುರಿದಿಲ್ಲ.

ಕಳೆದ ಜನವರಿಯಲ್ಲಿ, ಹೈಸ್ಕೂಲಿನ ಕೊನೆಯ ವರ್ಷದ ಟೆಸ್ಸಾ ಬ್ರಾಂಡ್ಟ್ ತನ್ನ ಮನೆ ಬಂದರೂ ಇಳಿಯಲಿಲ್ಲ.

"ಏನೇ ಮರಿ, ಮನೆ ಮರೆತುಹೋಯ್ತಾ?"

"ಮಿಸ್ ವಿಲ್ಮಾ, ಕಾಲೇಜಿನವರು ಅಪ್ಪನ ಸಂಬಳದ ಕಾಗದ ಕೇಳ್ತಿದಾರೆ. ಫೆಬ್ರುವರಿ ಹದಿನೈದರೊಳಗೆ ಕೊಡ್ದಿದ್ರೆ ಸಹಾಯಧನದ ಅರ್ಜೀನೇ ನೋಡಲ್ವಂತೆ."

"ಆ ಮಹಾರಾಯ ಎಲ್ಲಿದಾನೋ ದೇವರಿಗೂ ಗೊತ್ತಿರಲಿಕ್ಕಿಲ್ಲ!"

"ಅದನ್ನೇ, ಅಪ್ಪ ಬಿಟ್ಟುಹೋದ ಅಂತ, ಹೊರಗಿನವ್ರು ಬರ್ಕೊಡ್ಬೇಕಂತೆ. ಪಾದ್ರಿ, ಟೀಚರ್, ಸಲಹೆಗಾರ್ತಿ... ಅಮ್ಮನ ಮಾತು ನಡೆಯಲ್ವಂತೆ."

ನೋಡಿ ನ್ಯಾಯ! ಓಡಿಹೋದವನ ಸಂಬಳವನ್ನು ಅವನು ಬಿಟ್ಟುಹೋದವರ ಹತ್ತಿರ ಕೇಳುವುದು. ಹೆತ್ತವಳು ಹೇಳಿದರೆ ಅನುಮಾನ, ಕುರ್ಚಿಯಲ್ಲಿ ಕೂತವರು ಹೇಳಿದರೆ ಸತ್ಯ. ಶಾಲೆಯ ಸಲಹೆಗಾರ್ತಿ ಮಿಸ್ ಹಾರ್ಪರ್ ಬಂದದ್ದೇ ಸೆಪ್ಟೆಂಬರಿನಲ್ಲಿ. ನಾನೂರು ಮಕ್ಕಳಲ್ಲಿ ಟೆಸ್ಸಾಳ ಗುರುತು ಹಿಡಿದರೆ ಅದೇ ಪುಣ್ಯ. ಇನ್ನು ಪಾದ್ರಿ? ತಾಯಿಗೆ ವೃದ್ಧಾಶ್ರಮದಲ್ಲಿ ಭಾನುವಾರವೂ ಕೆಲಸದ ಪಾಳಿ, ಚರ್ಚಿಗೆ ಹೋಗುವುದೆಲ್ಲಿ.

ಅಪ್ಪ ಬಿಟ್ಟುಹೋದದ್ದನ್ನು ಕಣ್ಣಾರೆ ಕಂಡವಳು ವಿಲ್ಮಾ. ವಿಚ್ಛೇದನವಾದಾಗ ಟೆಸ್ಸಾಗೆ ಆರು ವರ್ಷ. ಬುಧವಾರ ಮಗು ಅಪ್ಪನ ಮನೆಯಲ್ಲಿರಲಿ ಎಂದಿತ್ತು ನ್ಯಾಯಾಲಯ. ಬುಧವಾರ ಬುಧವಾರ ಬಸ್ಸು ಅವನ ಮನೆಮುಂದೆ ನಿಂತು ಹಾರ್ನ್ ಹೊಡೆಯಿತು. ಬಾಗಿಲು ತೆರೆಯಲಿಲ್ಲ. ವಿಲ್ಮಾ ಮಗುವನ್ನು ಮುಂದಿನ ಸೀಟಿಗೆ ಕರೆದು, ತನ್ನ ಊಟದ ಡಬ್ಬಿಯ ಸೇಬು ಕೊಟ್ಟು, ಶಾಲೆಗೆ ವಾಪಸು ತಂದು, ದಿನದ ಹಾಳೆಯಲ್ಲಿ ಬರೆಯುತ್ತಿದ್ದಳು: ಯಾರೂ ಬರಲಿಲ್ಲ. ಹೀಗೆ ಹದಿನೇಳು ಸಲ. ಹದಿನೆಂಟನೆಯ ಬುಧವಾರ ಆ ಮನೆಯ ಮುಂದೆ ಮಾರಾಟದ ಹಲಗೆ ನಿಂತಿತ್ತು.

ಹಾಳೆಗಳ ನಕಲುಗಳು ಅವಳ ಗ್ಯಾರೇಜಿನ ಪೆಟ್ಟಿಗೆಯಲ್ಲಿ ಉಳಿದಿದ್ದವು. ಮರುದಿನ ಅವನ್ನು ಮಿಸ್ ಹಾರ್ಪರಳ ಮೇಜಿನ ಮೇಲಿಟ್ಟಳು.

"ಪಟ್ಟೀಲಿ ಬಸ್ ಡ್ರೈವರ್ ಅಂತ ಇಲ್ವಲ್ಲ, ವಿಲ್ಮಾ..."

"ನೀವಿದೀರಲ್ಲ! ನನ್ ಹತ್ರ ಕಣ್ಣಿದೆ, ನಿಮ್ ಹತ್ರ ಕುರ್ಚಿ ಇದೆ. ಎರಡನ್ನೂ ಸೇರಿಸಿ ಕಳ್ಸಿ ತಾಯಿ."

ಮಿಸ್ ಹಾರ್ಪರ್ ಹದಿನೇಳೂ ಹಾಳೆ ಓದಿದಳು. ಆಮೇಲೆ ಬರೆದಳು: "ನಾನು ಕಂಡಿಲ್ಲ. ಕಂಡವರ ಬರಹ ಜೊತೆಗಿದೆ. ನಾನು ನಂಬುತ್ತೇನೆ." ಸಹಿ ಹಾಕಿದಳು.

ಮಾರ್ಚಿನಲ್ಲಿ ಕಾಲೇಜು ಅಪ್ಪನ ಕಾಗದ ಬೇಡವೆಂದಿತು, ಸಹಾಯಧನವನ್ನೂ ಕೊಟ್ಟಿತು. ಪತ್ರ ಹಿಡಿದು ಬಸ್ಸಿನ ಮೆಟ್ಟಿಲಲ್ಲಿ ನಿಂತ ಟೆಸ್ಸಾಳನ್ನು ವಿಲ್ಮಾ ಕೇಳಿದಳು:

"ಅಪ್ಪನ ಮನೆಯ ಆ ಬಾಗಿಲು ನೆನಪಿದೆಯೇನೇ?"

"ಇಲ್ಲ ಮಿಸ್ ವಿಲ್ಮಾ. ಸೇಬು ನೆನಪಿದೆ."

"ಸರಿ, ಇಳಿ ಇಳಿ. ಹಿಂದೆ ಕಾರುಗಳು ನಿಂತಿವೆ."