ಪಾರ್ವತಮ್ಮನ ಸಿಳ್ಳೆ

ಚಾಮರಾಜಪೇಟೆಯ ಪಾರ್ವತಮ್ಮನವರಿಗೆ ಸೈಕಲ್ ಬರುತ್ತಿರಲಿಲ್ಲ, ಅದಕ್ಕೆ ಅವರ ಅಣ್ಣ ಕಾರಣ. ಹಾರ್ಮೋನಿಯಂ ಬರುತ್ತಿರಲಿಲ್ಲ, ಅದಕ್ಕೆ ಅಪ್ಪ ಕಾರಣ. ಇಂಗ್ಲಿಷ್ ತಡವರಿಸಿಕೊಂಡು ಬರುತ್ತಿತ್ತು, ಅದಕ್ಕೆ ಏಳನೇ ಕ್ಲಾಸಿನ ಮೇಡಂ ವರ್ಷದ ನಡುವೆ ಮದುವೆಯಾಗಿ ಹೊರಟುಹೋದದ್ದೇ ಕಾರಣ. ಸ್ಕೂಟರ್ ಕಲಿಯದೇ ಹೋದದ್ದಕ್ಕೆ ಗಂಡ ಅಂಜನಪ್ಪನವರು ಕಾರಣ ಎಂಬುದು ಇಡೀ ಬೀದಿಗೆ ಗೊತ್ತಿತ್ತು. ಪಾಪ, ಅಂಜನಪ್ಪನವರ ಹತ್ತಿರ ಸ್ಕೂಟರೇ ಇರಲಿಲ್ಲ.

ಪಾರ್ವತಮ್ಮ ಒಂದು ಸರ್ಕಾರಿ ಇಲಾಖೆಯಲ್ಲಿ ಗುಮಾಸ್ತೆಯಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಫೈಲು ಯಾಕೆ ನಿಂತಿದೆ ಎಂದು ಯಾರಾದರೂ ಕೇಳಿದರೆ, ತಲೆ ಎತ್ತದೆ ಪಕ್ಕದ ಮೇಜಿನ ಕಡೆ ಬೆರಳು ತೋರಿಸುವುದು ಅಲ್ಲಿ ಎಲ್ಲರಿಗೂ ಬರುತ್ತಿದ್ದ ವಿದ್ಯೆ. ಪಾರ್ವತಮ್ಮ ನಿವೃತ್ತರಾಗುವಾಗ ಆ ಬೆರಳನ್ನು ಮನೆಗೂ ತಂದರು. ಕಜ್ಜಾಯ ಗಟ್ಟಿಯಾದರೆ ಬೆಲ್ಲದ ತಪ್ಪು, ಮಂಡಿ ನೋವು ಬಂದರೆ ಮೆಟ್ಟಿಲು ಕಟ್ಟಿದ ಮೇಸ್ತ್ರಿಯ ತಪ್ಪು. ಇದನ್ನೆಲ್ಲ ಅವರು ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಹವಾಮಾನ ಹೇಳುವವರ ಹಾಗೆ ಹೇಳುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ಮೊಮ್ಮಗಳು ಲಾಸ್ಯಾಳ ಶಾಲೆಯ ಖೋ ಖೋ ಪಂದ್ಯ ನೋಡಲು ಗಂಡ ಹೆಂಡತಿ ಹೋಗಿದ್ದರು. ಪಾರ್ವತಮ್ಮನ ಪಕ್ಕದ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಯಾವುದೋ ಮದುವೆಯಿಂದ ನೇರ ಬಂದವಳಿರಬೇಕು, ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಕೈಯಲ್ಲಿ ತಾಂಬೂಲದ ಚೀಲ. ಲಾಸ್ಯಾಳ ತಂಡದವಳೊಬ್ಬಳು ಕಂಬ ಸುತ್ತಿ ಹಾರಿ ಎದುರಾಳಿಯನ್ನು ಮುಟ್ಟಿದ್ದೇ ತಡ, ಆ ಹೆಂಗಸು ಚೀಲವನ್ನು ತೊಡೆಯ ಮೇಲಿಟ್ಟು ಎರಡು ಬೆರಳು ಬಾಯಿಗಿಟ್ಟಳು. ಸಿಳ್ಳೆ ಮೈದಾನವನ್ನು ಸೀಳಿಕೊಂಡು ಹೋಯಿತು. ಆಚೆ ಮರದ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು.

ಪಾರ್ವತಮ್ಮ ಚಪ್ಪಾಳೆ ತಟ್ಟುತ್ತಿದ್ದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಕೂತರು. ರೇಷ್ಮೆ ಸೀರೆ, ಮಲ್ಲಿಗೆ, ಸಿಳ್ಳೆ! ಈ ಮೂರೂ ಒಂದೇ ಹೆಂಗಸಿನಲ್ಲಿ ಇರಬಹುದು ಎಂದು ಅವರಿಗೆ ಈ ತನಕ ಯಾರೂ ಹೇಳಿರಲಿಲ್ಲ.

ಮನೆಗೆ ನಡೆದು ಬರುವಾಗ ಶುರು ಮಾಡಿದರು. "ನಮ್ ನಾರಾಯಣಣ್ಣ ಎಂಥಾ ಸಿಳ್ಳೆ ಹೊಡೀತಿದ್ದ ಗೊತ್ತೇನ್ರೀ? ಕಾಟನ್‌ಪೇಟೆಲಿ ಹೊಡುದ್ರೆ ಮಾರ್ಕೆಟ್‌ಗೆ ಕೇಳ್ಸೋದು. ನಂಗೂ ಕಲ್ಸೋ ಅಂದ್ರೆ, ಹೆಣ್ಮಕ್ಳಿಗೆ ಯಾಕೆ ಅಂದ್ಬಿಟ್ಟ. ಅವ್ನು ಕಲಿಸಿದ್ದಿದ್ರೆ ನಾನೂ ಇವತ್ತು..."

ಅಂಜನಪ್ಪನವರು ಮಾತು ಕಡಿಮೆಯ ಮನುಷ್ಯ. ರಸ್ತೆ ದಾಟಿದ ಮೇಲೆ ಹೇಳಿದರು. "ಅವ್ರು ಇರೋದು ವೈಯಾಲಿಕಾವಲ್‌ನಲ್ಲಿ ತಾನೆ? ಬಸ್ಸು ಫ್ರೀ. ಹೋಗಿ ಕೇಳು."

ಮಾರನೆಯ ದಿನವೇ ಪಾರ್ವತಮ್ಮ ಅಣ್ಣನ ಮನೆಯ ಬಾಗಿಲು ತಟ್ಟಿದರು. ನಾರಾಯಣಪ್ಪನವರಿಗೆ ಈಗ ಮುಂದಿನ ಹಲ್ಲುಗಳಿಲ್ಲ. ಪಡಸಾಲೆಯಲ್ಲಿ ಕೂತು ರಾಗಿ ಅಂಬಲಿ ಕುಡಿಯುತ್ತಿದ್ದರು.

"ಏನೇ ಪಾರ್ವತಿ, ಫೋನೂ ಮಾಡ್ದೆ ಬಂದ್ಬಿಟ್ಟೆ?"

"ಅಣ್ಣಾ, ನೀನು ನಂಗೆ ಸಿಳ್ಳೆ ಯಾಕೆ ಕಲಿಸ್ಲಿಲ್ಲ?"

ನಾರಾಯಣಪ್ಪ ಲೋಟ ಕೆಳಗಿಟ್ಟು ತಂಗಿಯ ಮುಖ ನೋಡಿದರು. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ನಗಲು ಶುರು ಮಾಡಿದರು. ಹಲ್ಲಿಲ್ಲದ ಬಾಯಲ್ಲಿ ಆ ನಗು ಬುಸುಬುಸು ಎಂದು ಬಂತು.

"ಕಲಿಸ್ಲಿಲ್ವಾ? ವಠಾರದ ನಲ್ಲಿ ಹತ್ರ ಕೂರುಸ್ಕೊಂಡು ಕಲಿಸಿದೀನಿ ಕಣೇ! ಎರಡು ದಿನ ಊದಿದೆ. ಮಾರನೇ ದಿನ ಕರುದ್ರೆ, ಥೂ ಎಂಜ್ಲು, ಬಾಯೆಲ್ಲಾ ನೋವು ಅಂತ ಒಳಗೆ ಓಡೋದೆ. ಓಡೋದವಳು ಸುಮ್ನಿದ್ಯಾ? ಅಣ್ಣ ಹೇಳ್ಕೊಡಲ್ಲ ಅಂತಾನೆ ಅಂತ ಅವ್ವನ ಮುಂದೆ ಗೋಳೋ ಅಂದೆ. ಅವ್ವ ನಂಗೆ ಸೌಟಲ್ಲಿ ಕೊಟ್ರು."

"ಸುಳ್ಳು!"

"ಸುಳ್ಳಾ? ನೋಡಿಲ್ಲಿ." ನಾರಾಯಣಪ್ಪ ಮೊಣಕೈ ಮುಂದೆ ಚಾಚಿದರು. ಅಲ್ಲಿ ಮಾಸಿದ ಒಂದು ಗೆರೆ ಇತ್ತು.

ಆ ಗೆರೆ ನೋಡುತ್ತಿದ್ದ ಹಾಗೆ ಪಾರ್ವತಮ್ಮನಿಗೆ ನಲ್ಲಿಯ ಕೆಳಗಿನ ಪಾಚಿ ನೆನಪಾಯಿತು. ಬೆರಳಿಗೆ ಹತ್ತಿದ್ದ ಹುಣಸೆಹಣ್ಣಿನ ಹುಳಿ ನೆನಪಾಯಿತು. ಅಣ್ಣ "ಇನ್ನೊಂದ್ಸಲ, ಇನ್ನೊಂದ್ಸಲ" ಎನ್ನುತ್ತಿದ್ದದ್ದೂ ನೆನಪಾಯಿತು. ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಇದೆಲ್ಲ!

"ಮತ್ತೆ ಸೈಕಲ್ಲು?" ಎಂದರು ಸಣ್ಣ ದನಿಯಲ್ಲಿ.

"ಒಂದ್ಸಲ ಬಿದ್ದೆ. ಆಮೇಲೆ ಸೈಕಲ್ಲೇ ಸರಿ ಇಲ್ಲ ಅಂದೆ."

ಅತ್ತಿಗೆ ಲಕ್ಕಮ್ಮ ಚಕ್ಕುಲಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಹಾರ್ಮೋನಿಯಂದೂ ಕೇಳ್ಬಿಡು ಪಾರ್ವತಿ, ಒಟ್ಟಿಗೇ ಮುಗುದ್ಹೋಗ್ಲಿ" ಎಂದರು. ಪಾರ್ವತಮ್ಮ ಮೊದಲು ಮುಖ ಗಂಟಿಕ್ಕಿದರು. ಆಮೇಲೆ ತುಟಿ ಸಡಿಲವಾಯಿತು. ಆಮೇಲೆ ಮೂವರೂ ಎಷ್ಟು ನಕ್ಕರೆಂದರೆ ಚಕ್ಕುಲಿ ತಿನ್ನುವುದು ಯಾರಿಂದಲೂ ಆಗಲಿಲ್ಲ. ನಾರಾಯಣಪ್ಪನವರಂತೂ ಹೇಗೂ ತಿನ್ನುವ ಹಾಗಿರಲಿಲ್ಲ.

ಹೊರಡುವ ಮೊದಲು ಅಣ್ಣ ಇನ್ನೊಮ್ಮೆ ಪಾಠ ಹೇಳಿದರು. ತುಟಿಯನ್ನು ಒಳಗೆ ಮಡಚಿ ಹಲ್ಲಿನ ಮೇಲೆ ಹೊದಿಸಬೇಕು. ಬೆರಳ ತುದಿಯಿಂದ ನಾಲಿಗೆಯನ್ನು ಹಿಂದಕ್ಕೆ ಮಡಚಬೇಕು. ಸಂದು ಬಿಡದಂತೆ ಬಾಯಿ ಬಿಗಿಹಿಡಿದು ಊದಬೇಕು. "ನಾನು ತೋರ್ಸೋಣ ಅಂದ್ರೆ ತುಟಿಗೆ ಆಸರೆ ಇಲ್ಲ. ಇನ್ ಮೇಲೆ ನಿನ್ ಬಾಯಿ, ನಿನ್ ಗಾಳಿ."

ವಾಪಸ್ ಬರುವ ಬಸ್ಸಿನಲ್ಲಿ ಪಾರ್ವತಮ್ಮನಿಗೆ ನಾಚಿಕೆಯಾಗಬೇಕಿತ್ತು. ಸ್ವಲ್ಪ ಆಯಿತು ಕೂಡ. ಆದರೆ ಮಲ್ಲೇಶ್ವರ ದಾಟುವಷ್ಟರಲ್ಲಿ ನಾಚಿಕೆಯ ಕೆಳಗಿನಿಂದ ಬೇರೇನೋ ಗುಳುಗುಳು ಎಂದು ಮೇಲೆ ಬರತೊಡಗಿತು. ಇಷ್ಟು ದಿನ ಸಿಳ್ಳೆ ಅಣ್ಣನ ಹತ್ತಿರ ಇತ್ತು, ಅವನು ಕೊಟ್ಟರೆ ಉಂಟು. ತಪ್ಪು ತನ್ನದೇ ಆದರೆ? ಹಾಗಾದರೆ ಸಿಳ್ಳೆಯೂ ಎಲ್ಲೂ ಹೋಗಿಲ್ಲ, ಇಲ್ಲೇ ಬಾಯಲ್ಲೇ ಎಲ್ಲೋ ಇದೆ! ಪಾರ್ವತಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಒಬ್ಬರೇ ನಕ್ಕರು. ಪಕ್ಕದಲ್ಲಿದ್ದವರು ಚೂರು ಸರಿದು ಕೂತರು.

ಅಭ್ಯಾಸ ಬಚ್ಚಲುಮನೆಯಲ್ಲಿ ಶುರುವಾಯಿತು. ಮೊದಲ ದಿನ ಊದಿ ಊದಿ ತಲೆ ಗಿರ್ರೆಂದು ಸುತ್ತಿತು. ಬಕೆಟ್ಟು ಎರಡಾಗಿ ಕಂಡಿತು. ಗೋಡೆ ಹಿಡಿದು ನಿಂತರೆ ಖುಷಿಯೋ ಖುಷಿ, ಜಾತ್ರೆಯ ರಾಟೆ ಉಯ್ಯಾಲೆಯಿಂದ ಇಳಿದ ಹಾಗೆ. ಸಿಳ್ಳೆ ಮಾತ್ರ ಬರಲಿಲ್ಲ. ಬಂದದ್ದು ಬರೀ "ಸುಸ್ಸ್ಸ್."

ಆ ಸುಸ್ಸೆನ್ನುವ ಸದ್ದಿನಿಂದ ಮನೆಯಲ್ಲಿ ಒಂದು ಅವಾಂತರವಾಯಿತು. ಬಚ್ಚಲುಮನೆಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಸೊಸೆ ಮಾಧವಿ ಕುಕ್ಕರ್ ಇಟ್ಟಾಗಲೆಲ್ಲ ಎಲ್ಲಿಂದಲೋ ಹಬೆ ಸೋರುವ ಸದ್ದು.

"ಗ್ಯಾಸ್ಕೆಟ್ ಹೋಗಿದೆ ಕಣ್ರೀ" ಎಂದು ಗಂಡ ನಂದೀಶನಿಗೆ ಹೇಳಿದಳು. ಹೊಸ ಗ್ಯಾಸ್ಕೆಟ್ ಬಂತು. ಸದ್ದು ಹೋಗಲಿಲ್ಲ. ಕುಕ್ಕರಿನ ವೆಯ್ಟ್ ಬದಲಾಯಿಸಿದರು. ಸದ್ದು ಇನ್ನೂ ಜೋರಾಯಿತು. ಕೊನೆಗೊಂದು ಬೆಳಿಗ್ಗೆ ಮಾಧವಿ ಗಾಬರಿಯಾಗಿ, "ಇದು ಕುಕ್ಕರ್ ಅಲ್ಲ, ಸಿಲಿಂಡರೇ ಲೀಕ್ ಆಗ್ತಿದೆ! ಎಲ್ರೂ ಹೊರಗ್ ಬನ್ನಿ!" ಎಂದು ಕೂಗಿದಳು. ನಂದೀಶ ಸಿಲಿಂಡರ್ ಎತ್ತಿಕೊಂಡು ಅಂಗಳಕ್ಕೆ ಓಡಿದ. ಲಾಸ್ಯಾ ಶಾಲೆಯ ಚೀಲ ಹಿಡಿದು ಓಡಿದಳು. ಅಂಜನಪ್ಪನವರು ಪೇಪರ್ ಹಿಡಿದುಕೊಂಡೇ ನಿಧಾನವಾಗಿ ಹೊರಬಂದರು. ಸಿಲಿಂಡರ್ ಅಂಗಳದಲ್ಲಿ, ಕುಕ್ಕರ್ ಒಲೆಯ ಮೇಲೆ ತಣ್ಣಗೆ, ಒಳಗಿನಿಂದ ಮಾತ್ರ ಸದ್ದು ಬರುತ್ತಲೇ ಇತ್ತು. "ಸುಸ್ಸ್ಸ್... ಸುಸ್ಸ್ಸ್..."

ಬಚ್ಚಲುಮನೆಯ ಬಾಗಿಲು ತೆರೆಯಿತು. ಒದ್ದೆ ಬೆರಳು, ಕೆಂಪಗಾದ ಮುಖ. ಅಂಗಳದಲ್ಲಿ ಸಾಲಾಗಿ ನಿಂತ ಸಂಸಾರವನ್ನು ಪಾರ್ವತಮ್ಮ ನೋಡಿದರು.

"ಏನಾಯ್ತು?"

"ಅತ್ತೆ, ಒಳಗೆ ಏನೋ ಲೀಕ್..."

ಇದು ಕಟ್ಟಡದ ಪೈಪಿನ ತಪ್ಪು ಎನ್ನುವುದು ನಾಲಿಗೆಯ ತುದಿಗೆ ಬಂತು. ಪಾರ್ವತಮ್ಮ ಆ ನಾಲಿಗೆಯನ್ನು ಹೊಸದಾಗಿ ಕಲಿತ ಹಾಗೆ ಹಿಂದಕ್ಕೆ ಮಡಚಿದರು. "ಲೀಕ್ ಆಗ್ತಿರೋದು ನಾನೇ ಕಣಮ್ಮ" ಎಂದರು. "ಸಿಳ್ಳೆ ಕಲೀತಿದೀನಿ. ಬರ್ತಿಲ್ಲ. ಹೊಸ ಗ್ಯಾಸ್ಕೆಟ್ ದಂಡ ಆಯ್ತು, ಅದೂ ನಂದೇ ತಪ್ಪು."

ಅತ್ತೆಯ ಬಾಯಲ್ಲಿ "ನಂದೇ ತಪ್ಪು" ಎಂಬ ಮಾತನ್ನು ಮಾಧವಿ ಮದುವೆಯಾದ ಮೇಲೆ ಕೇಳಿರಲಿಲ್ಲ. ಸಿಲಿಂಡರ್ ಸೋರಿದ್ದರೂ ಅವಳಿಗೆ ಇಷ್ಟು ಆಶ್ಚರ್ಯವಾಗುತ್ತಿರಲಿಲ್ಲ. ಅಂಜನಪ್ಪನವರು ಪೇಪರ್ ಮಡಚಿ, "ತಾರಸಿ ಮೇಲೆ ಗಾಳಿ ಚೆನ್ನಾಗಿದೆ, ಅಲ್ಲಿ ಹೋಗಿ ಊದು" ಎಂದರು.

ತಾರಸಿಯ ಮೇಲೆ ಊದಿದರು. ಬೀದಿಯ ಹಸುವಿಗೆ ಬಾಳೆಹಣ್ಣಿನ ಸಿಪ್ಪೆ ಕೊಡಲು ಹೋದಾಗ ಊದಿದರು. ಒಂದು ಸಲ ಮುಂದಿನ ಕಟ್ಟಿಸಿದ ಹಲ್ಲು ಹಾರಿ ಪಕ್ಕದ ಮನೆಯ ತುಳಸಿ ಕಟ್ಟೆಯಲ್ಲಿ ಬಿತ್ತು. ಪಕ್ಕದ ಮನೆಯ ಶ್ರೀನಿವಾಸಯ್ಯನವರು ಅದನ್ನು ವೀಳ್ಯದೆಲೆಯ ಮೇಲಿಟ್ಟುಕೊಂಡು ಬಹಳ ಮರ್ಯಾದೆಯಿಂದ ತಂದುಕೊಟ್ಟರು. ಬಾಯಿ ನೋಯುವಾಗ ಪಾರ್ವತಮ್ಮನಿಗೆ ವಠಾರದ ನಲ್ಲಿ ನೆನಪಾಗುತ್ತಿತ್ತು. ಅಲ್ಲಿಂದ ಓಡಿಹೋದ ಹುಡುಗಿಯನ್ನು ಕೈಹಿಡಿದು ಎಳೆತಂದು ಕೂರಿಸಿದ ಹಾಗೆ ಮತ್ತೆ ಊದುತ್ತಿದ್ದರು.

ಶಿವರಾತ್ರಿಯ ಹಿಂದಿನ ದಿನ. ಬಿಲ್ವಪತ್ರೆ, ಹೂವು ತರಲು ಪಾರ್ವತಮ್ಮ ಗಾಂಧಿ ಬಜಾರಿಗೆ ಹೊರಟಿದ್ದರು. ಮಾರ್ಕೆಟ್ಟಿನಿಂದ ಹೊರಟ ಬಸ್ಸು ತುಂಬಿತ್ತು. ಕಂಡಕ್ಟರ್ ಶಶಿಕುಮಾರ್ ಒಂದು ಸಿಳ್ಳೆ ಹಾಕಿದರೆ ಬಸ್ಸು ನಿಲ್ಲಬೇಕು, ಎರಡು ಹಾಕಿದರೆ ಹೊರಡಬೇಕು. ಹೊರಗೆ ಹಾರ್ನುಗಳ ಗಲಾಟೆ. ಈ ಗಲಾಟೆಯಲ್ಲಿ ನನ್ನ ಸುಸ್ಸು ಯಾರಿಗೆ ಕೇಳಿಸೀತು ಎಂದುಕೊಂಡು ಪಾರ್ವತಮ್ಮ ಸೆರಗಿನ ಮರೆಯಲ್ಲಿ ಬೆರಳು ಬಾಯಿಗಿಟ್ಟು ಊದಿದರು.

ಸಿಳ್ಳೆ ಬಂತು!

ಬಂತು ಅಂದರೆ ಎಂಥ ಸಿಳ್ಳೆ! ಬಸ್ಸಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಚೂರಿಯ ಹಾಗೆ ಹೋಯಿತು. ಡ್ರೈವರ್ ಮಿನರ್ವ ಸರ್ಕಲ್ಲಿನ ನಟ್ಟನಡುವೆ ಬ್ರೇಕ್ ಒತ್ತಿದ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು.

"ಯಾರ್ರೀ ಅದು ವಿಷಲ್ ಹೊಡೆದಿದ್ದು?" ಶಶಿಕುಮಾರ್ ಜನರನ್ನು ಸೀಳಿಕೊಂಡು ಬಂದ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನಿಂತಿದ್ದ ಕಾಲೇಜು ಹುಡುಗ ಕಣ್ಣಿಗೆ ಬಿದ್ದ. "ಏನ್ ಗುರು, ತಮಾಷೆನಾ? ಇಳಿ ಕೆಳಗೆ."

"ಅಣ್ಣಾ, ನಾನಲ್ಲ ಅಣ್ಣಾ!"

"ಇನ್ಯಾರು, ಈ ಅಜ್ಜಿನಾ? ಇಳಿಯೋ ಸುಮ್ನೆ."

ಪಾರ್ವತಮ್ಮ ಕಿಟಕಿಯಾಚೆ ನೋಡಿಕೊಂಡು ಕೂತಿದ್ದರೆ ಸಾಕಿತ್ತು. ಹುಡುಗ ಇಳಿದು ಹೋಗುತ್ತಿದ್ದ, ಬಸ್ಸು ಹೊರಡುತ್ತಿತ್ತು. ತಪ್ಪು ಇನ್ನೊಬ್ಬರ ತಲೆಗೆ ತಾನಾಗಿಯೇ ಹೋಗಿ ಕೂತಿತ್ತು, ಬೆರಳು ತೋರಿಸುವ ಕಷ್ಟವೂ ಇರಲಿಲ್ಲ. ಆದರೆ ತಪ್ಪಿನ ಜೊತೆ ಸಿಳ್ಳೆಯೂ ಹೋಗುತ್ತದಲ್ಲ! ಇಷ್ಟು ಚೆಂದದ ಸಿಳ್ಳೆ, ಅದೂ ಮೊಟ್ಟಮೊದಲನೆಯದು, ಯಾರೋ ಹುಡುಗನ ಹೆಸರಿಗೆ?

ಅವರು ಎದ್ದು ನಿಂತರು. "ಆ ಹುಡುಗನ್ನ ಬಿಡಪ್ಪ. ಹೊಡೆದಿದ್ದು ನಾನೇ."

"ಅಮ್ಮಾ, ನೀವು ಕೂತ್ಕೊಳ್ಳಿ. ಪಾಪ ಅಂತ ಹುಡುಗನ್ನ ಉಳ್ಸೋಕೆ ಹೋಗ್ಬೇಡಿ."

"ಉಳ್ಸೋದೇನು ಬಂತು? ನಂದು ಕಣಯ್ಯಾ ಆ ಸಿಳ್ಳೆ!"

"ಹಂಗಾದ್ರೆ ಇನ್ನೊಂದ್ಸಲ ಹೊಡೀರಿ ನೋಡೋಣ" ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಬಸ್ಸು ತಿರುಗಿತು. ಪಾರ್ವತಮ್ಮ ಚೀಲವನ್ನು ಪಕ್ಕದ ಹೆಂಗಸಿನ ಕೈಗೆ ಕೊಟ್ಟು ಬೆರಳು ಬಾಯಿಗಿಟ್ಟರು.

"ಸುಸ್ಸ್ಸ್."

ಬಸ್ಸಿನ ತುಂಬ ನಗು. ಶಶಿಕುಮಾರನೂ ನಕ್ಕ. ಹಿಂದೆ ನಿಂತಿದ್ದ ಆಟೋಗಳು ಬಾಯಿಗೆ ಬಂದ ಹಾಗೆ ಹಾರ್ನ್ ಹೊಡೆಯುತ್ತಿದ್ದವು. ಪಾರ್ವತಮ್ಮ ತಲೆ ಸುತ್ತದ ಹಾಗೆ ಕಂಬಿಗೆ ಒರಗಿ, ತುಟಿ ಬಿಗಿದು, ಹೊಟ್ಟೆಯ ಆಳದಿಂದ ಗಾಳಿ ತಂದು ಊದಿದರು. ಬಂತು! ನಿಲ್ಲಿಸಲು ಮನಸ್ಸೇ ಬರಲಿಲ್ಲ, ಮತ್ತೆ ಊದಿದರು. ಮತ್ತೂ ಬಂತು!

ಎರಡು ಸಿಳ್ಳೆ. ಡ್ರೈವರ್ ತಕ್ಷಣ ಬಸ್ಸು ಎಳೆದ. ಹಿಡಿದುಕೊಳ್ಳಲು ಏನೂ ಇಲ್ಲದ ಶಶಿಕುಮಾರ್ ಒಂದು ಹೂಕೋಸಿನ ಮೂಟೆಯ ಮೇಲೆ ಧೊಪ್ಪನೆ ಕೂತ. ಬಸ್ಸೆಲ್ಲ ಚಪ್ಪಾಳೆ. ಇಯರ್‌ಫೋನಿನ ಹುಡುಗ, "ಸೂಪರ್ ಆಂಟಿ, ಸೂಪರ್!" ಎಂದು ಕುಣಿದೇಬಿಟ್ಟ.

"ಅಮ್ಮಾ, ಹಂಗಾದ್ರೆ ನಾನು ಈ ಕೆಲ್ಸ ಬಿಟ್ಬಿಡ್ಲಾ?" ಎಂದ ಶಶಿಕುಮಾರ್ ಮೂಟೆಯ ಮೇಲಿನಿಂದಲೇ.

"ನೀನಿರಪ್ಪ, ನಂಗೆ ಪೆನ್ಷನ್ ಇದೆ" ಎಂದರು ಪಾರ್ವತಮ್ಮ.

ಅವರಿಗೆ ಇನ್ನು ಆ ಬಸ್ಸಿನಲ್ಲಿ ಕೂತಿರುವುದು ಸಾಧ್ಯವೇ ಆಗಲಿಲ್ಲ. ಮೈಯೆಲ್ಲ ಗಾಳಿ ತುಂಬಿದ ಬಲೂನಿನ ಹಾಗೆ. ಗಾಂಧಿ ಬಜಾರಿನವರೆಗೂ ಕಾಯದೆ ಸಜ್ಜನ್ ರಾವ್ ಸರ್ಕಲ್ಲಿನಲ್ಲೇ ಇಳಿದುಬಿಟ್ಟರು. ಇಳಿದು ನೋಡಿದರೆ, ಚೀಲ ಹಿಡಿದುಕೊಂಡಿದ್ದ ಹೆಂಗಸೂ ಹಿಂದೆಯೇ ಇಳಿದಿದ್ದಳು. ಅವಳ ಹೆಸರು ಮಾರಕ್ಕ, ಹೋಟೆಲೊಂದರಲ್ಲಿ ಚಪಾತಿ ಲಟ್ಟಿಸುವವಳು. ಅವಳ ಹಿಂದೆ ಬ್ಯಾಂಕಿನ ಗುರುತುಚೀಟಿ ಕೊರಳಿಗೆ ಹಾಕಿಕೊಂಡಿದ್ದ ಮೋನಿಷಾ ಎಂಬ ಹುಡುಗಿಯೂ ಇಳಿದಿದ್ದಳು.

"ಅಮ್ಮ, ನಮ್ಗೂ ಬರುತ್ತಾ ಅದು?" ಎಂದಳು ಮಾರಕ್ಕ. "ನಮ್ ಮನೇಲಿ ಕಲಿಯಕ್ಕೆ ಬಿಡ್ಲೇ ಇಲ್ಲ."

ಬಿಡಲಿಲ್ಲವೋ, ಬಿಟ್ಟರೂ ನೀನೇ ಬಿಟ್ಟೆಯೋ ಎಂದು ಕೇಳಬೇಕೆನಿಸಿತು. ಪಾರ್ವತಮ್ಮ ಕೇಳಲಿಲ್ಲ. ಅವಳ ವಿಷಯ ಅವಳಿಗೆ ಗೊತ್ತು. "ಬನ್ನಿ, ಮೊದ್ಲು ಏನಾದ್ರೂ ತಿನ್ನೋಣ. ಖಾಲಿ ಹೊಟ್ಟೇಲಿ ಊದುದ್ರೆ ಬಿದ್ಹೋಗ್ತೀರ" ಎಂದು ಇಬ್ಬರನ್ನೂ ವಿಶ್ವೇಶ್ವರಪುರಂನ ತಿಂಡಿ ಬೀದಿಗೆ ಕರೆದುಕೊಂಡು ಹೋದರು. ಹೋಳಿಗೆ ತಿಂದರು. ಬೆರಳು ಚೆನ್ನಾಗಿ ತೊಳೆದುಕೊಂಡರು. ಆಮೇಲೆ ದೋಸೆ ಅಂಗಡಿಯ ಪಕ್ಕದ ಲೈಟು ಕಂಬದ ಕೆಳಗೆ ಮೂವರೂ ನಿಂತು, ತುಟಿ ಮಡಚಿ, ನಾಲಿಗೆ ಮಡಚಿ, ಕೆನ್ನೆ ಉಬ್ಬಿಸಿದರು.

"ನಾನ್ ಹೇಳ್ಕೊಡ್ತೀನಿ. ಆದ್ರೆ ಊದೋದು ನೀವೇ. ತಲೆ ಸುತ್ತುದ್ರೆ ಕಂಬ ಹಿಡ್ಕೊಳ್ಳಿ."

ಸುಸ್ಸ್ಸ್ ಎಂದಳು ಮೋನಿಷಾ. ಫುಸ್ಸ್ಸ್ ಎಂದಳು ಮಾರಕ್ಕ. ಕಾವಲಿಯ ಮೇಲೆ ದೋಸೆ ಹುಯ್ಯುತ್ತಿದ್ದವನು ಸೌಟು ಹಿಡಿದು ಹಾಗೇ ನೋಡುತ್ತ ನಿಂತ. ಮಾರಕ್ಕ ಇನ್ನೊಮ್ಮೆ ಜೋರಾಗಿ ಊದಿ, ಕಣ್ಣು ಮೇಲೆ ಮಾಡಿ, "ಅಯ್ಯಯ್ಯೋ, ಬೀದಿನೇ ತಿರುಗ್ತಾ ಇದೆ!" ಎಂದು ನಗುತ್ತ ಕಂಬವನ್ನು ತಬ್ಬಿಕೊಂಡಳು.