ದಿಬ್ಬದ ಮೇಲಿನ ಇಪ್ಪತ್ತು ಕಂಬಿ

ಇದನ್ನು ಬರೆಯುತ್ತಿರುವ ಮಹಾಶಯ ಕಡಲತೀರದ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ, ಸಮುದ್ರದಂಚಿನ ಮರಳುದಿಬ್ಬದಲ್ಲಿ ಇಪ್ಪತ್ತು ಕಬ್ಬಿಣದ ಕಂಬಿಗಳು ಮೊಣಕಾಲೆತ್ತರಕ್ಕೆ ಎದ್ದು ನಿಂತದ್ದನ್ನು ಕಂಡ. ಪಾಪ, ಸಡಿಲವಾಗಿವೆ ಎಂದುಕೊಂಡ. ಯಾರೂ ಹೇಳದಿದ್ದರೂ ಸುತ್ತಿಗೆ ತಂದು, ಒಂದೊಂದರ ತಲೆಯೂ ಮರಳಿಗೆ ಸಮವಾಗುವವರೆಗೆ ಬಡಿದ. ಅಂಗೈಯಲ್ಲಿ ಬೊಬ್ಬೆ ಎದ್ದವು. ಶಹಬ್ಬಾಸ್‌ಗಿರಿಗಾಗಿ ಕಾದು ಕುಳಿತ.

ಬಂದವರು ಅಳತೆಯಕ್ಕ. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವರಿಗೆ ಅದೇ ಹೆಸರು. ಕಂಬಿಗಳು ಮರಳಿನಿಂದ ಎಷ್ಟು ಹೊರಗಿವೆ ಎಂದು ತಿಂಗಳಿಗೊಮ್ಮೆ ಅಳೆದು, ದಿಬ್ಬ ಎಷ್ಟು ಕರಗಿದೆ, ಬಿರುಗಾಳಿ ಬಂದರೆ ತಡೆದೀತೇ ಎಂದು ಬರೆಯುವುದು ಹನ್ನೊಂದು ವರ್ಷದಿಂದ ಅವರ ಕೆಲಸ. ದಿಬ್ಬದ ಹಿಂದೆ ಮೂವತ್ತು ಮನೆ; ಅವುಗಳಲ್ಲೊಂದು ಅವರ ತಂಗಿಯದು. ಯಾವ ಮನೆ ಖಾಲಿ ಮಾಡಿಸಬೇಕೆಂದು ತಿಳಿಯುವುದು ಆ ವರದಿಯಿಂದಲೇ. ಅದನ್ನು ಕೊಡಲು ಉಳಿದಿದ್ದು ನಾಲ್ಕೇ ದಿನ.

ಅಕ್ಕ ಮರಳನ್ನು ನೋಡಿದರು, ಸುತ್ತಿಗೆಯನ್ನು ನೋಡಿದರು.

"ಯಾರಪ್ಪಾ ಈ ಪುಣ್ಯಾತ್ಮ?"

"ನಾನೇ ಅಕ್ಕಾ. ಗಟ್ಟಿ ಮಾಡ್ದೆ."

"ಗಟ್ಟಿ ಮಾಡ್ದ್ಯಾ! ಥರ್ಮಾಮೀಟರ್ ಮುರಿದು, ಜ್ವರ ಇಳೀತು ಅಂದ ಹಾಗಾಯ್ತು."

ಬೈಗುಳ ಅಷ್ಟೇ. ತುರುಬಿನಿಂದ ಪೆನ್ಸಿಲ್ ಎಳೆದು, ಹಳೆಯ ಪುಸ್ತಕ ಬಿಚ್ಚಿದರು. ನೆಟ್ಟ ದಿನವೇ, ಪ್ರತಿ ಕಂಬಿಯ ತುದಿ ನೀರಿನ ಟ್ಯಾಂಕಿನ ಕಟ್ಟೆಗಿಂತ ಎಷ್ಟು ತಗ್ಗಿನಲ್ಲಿದೆ ಎಂದು ಅದರಲ್ಲಿ ಬರೆದಿಟ್ಟಿದ್ದರು. ಕಟ್ಟೆಯಿಂದ ಈಗಿನ ಮರಳಿನ ಮಟ್ಟ ಹಿಡಿದು ಆ ಹಳೆಯ ಅಂಕಿಯೊಂದಿಗೆ ಹೋಲಿಸಿದರೆ ಕಳೆದುಹೋದ ಅಳತೆ ಸಿಗುತ್ತಿತ್ತು. ಅದಕ್ಕೆ ಬೇಕಾದದ್ದು ಗುರುತು ಹಾಕಿದ ಎರಡು ಕೋಲು, ನೆಟ್ಟ ನೋಟ, ಮಟ್ಟ ನೋಡಲು ಎದುರಿಗೆ ದಿಗಂತದ ಗೆರೆ. ನಾಲ್ಕು ದಿನ ಅಕ್ಕ ಕಣ್ಣು ಕಿರಿದು ಮಾಡಿ ಗುರುತು ಓದಿದರು. ಮಹಾಶಯ ಬೊಬ್ಬೆಗೈಯಲ್ಲಿ ಕೋಲು ಹಿಡಿದು ನಿಂತ.

"ಅಲ್ಲಾಡ್ಬೇಡ್ವೋ, ನೀನೇನು ಬಾವುಟಾನಾ?"

ಏಳನೆಯ ಕಂಬಿಯ ಬಳಿ ದಿಬ್ಬ ಎರಡು ಗೇಣು ಕರಗಿತ್ತು. ಅದರ ಬೆನ್ನಿಗೇ ತಂಗಿಯ ಮನೆ. ಅಕ್ಕ ನಕ್ಷೆಯಲ್ಲಿ ಅಲ್ಲಿ ಕೆಂಪು ಬಳಿದರು.

ಬಿರುಗಾಳಿಯ ಮುನ್ಸೂಚನೆ ಬಂದಾಗ, ಆ ಕೆಂಪು ನೋಡಿಯೇ ಕಚೇರಿಯ ಸಾಹೇಬರು ಆರು ಮನೆಯವರನ್ನು ಶಾಲೆಗೆ ಕಳಿಸಿದರು. ಸಮುದ್ರ ಅದೇ ಜಾಗ ಕೊರೆದು ತಂಗಿಯ ಅಡುಗೆಮನೆಗೆ ನುಗ್ಗಿತು. ಮನೆಯಲ್ಲಿ ಯಾರೂ ಇರಲಿಲ್ಲ.

ಮರುದಿನ ತಂಗಿ ಕಂಕುಳಲ್ಲಿ ಕೂಸು ಎತ್ತಿಕೊಂಡು ಕಚೇರಿಗೆ ಬಂದಳು. ಅಕ್ಕನ ಕೈ ಹಿಡಿದು ಅತ್ತಳು. ಆಮೇಲೆ ಮಹಾಶಯನ ಕಡೆ ತಿರುಗಿ, "ಕೋಲು ಹಿಡಿದೋನು ನೀನಂತೆ. ನಿನ್ನ ಹೊಟ್ಟೆ ತಣ್ಣಗಿರ್ಲಪ್ಪಾ," ಎಂದಳು. ಮಹಾಶಯನಿಗೆ ತಾನೂ ಕಂಬಿಯಂತೆ ನೆಲಕ್ಕಿಳಿದರೆ ಸಾಕೆನಿಸಿತು.

ಆಕೆ ಹೋದ ಮೇಲೆ ತಡವರಿಸುತ್ತ ಕೇಳಿದ:

"ಅಕ್ಕಾ, ಸುತ್ತಿಗೆ ವಿಷಯ ಸಾಹೇಬ್ರಿಗೂ ಹೇಳ್ಲಿಲ್ಲ, ತಂಗಿಗೂ ಹೇಳ್ಲಿಲ್ಲ. ಯಾಕೆ?"

"ಹೇಳಿದ್ರೆ ನಿನ್ನ ಕೆಲಸದಿಂದ ತೆಗೀತಿದ್ರು. ಆಮೇಲೆ ಕೋಲು ನಿಮ್ಮಪ್ಪ ಬಂದು ಹಿಡೀತಿದ್ರಾ?"