ಸದ್ದು ಹೋದ ಕೊಡಪಾನ

ಅತ್ತೆಯ ತಾಮ್ರದ ಕೊಡಪಾನವನ್ನು ಒಡೆದದ್ದು ನಾನು. ಯಾರಿಗೂ ಹೇಳದೆ ಅದಕ್ಕೆ ವೆಲ್ಡಿಂಗ್ ಮಾಡಿಸಿ, ಗುರುತು ಕಾಣದ ಹಾಗೆ ತಿಕ್ಕಿ ಹೊಳೆಯಿಸಿದ್ದೂ ನಾನೇ. ಆ ರಿಪೇರಿಯಿಂದಾಗಿ ಅತ್ತೆ ತಮ್ಮ ಸ್ವಂತ ಮಗಳ ಮೇಲೆ ಕಳ್ಳತನ ಹೊರಿಸಿದಾಗ ಪಕ್ಕದಲ್ಲೇ ಸುಮ್ಮನೆ ನಿಂತಿದ್ದೆ — ಸುಮ್ಮನೆ ಎಂದರೂ ಪೂರ್ತಿ ನಿಜವಾಗುವುದಿಲ್ಲ. ಒಂದು ಮಾತು ಆಡಿದ್ದೆ. ಅದನ್ನು ಅದರ ಜಾಗದಲ್ಲಿ ಬರೆಯುತ್ತೇನೆ.

ನಮ್ಮ ಮನೆ ಕೂಳೂರಿನಲ್ಲಿ, ಸೇತುವೆಯಿಂದ ಸ್ವಲ್ಪ ಒಳಗೆ. ಮಾವನ ಕಡೆಯವರು ತಲೆತಲಾಂತರದಿಂದ ಕಡಲಿಗೆ ಹೋದವರು. ಅತ್ತೆ ಪ್ರಾಯದಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವರು. ನಾನು ಈ ಮನೆಗೆ ಬರುವಾಗಲೇ ಅವರ ಕಣ್ಣು ಮಂಜಾಗಲು ತೊಡಗಿತ್ತು. ಆದರೂ ಮನೆಗೆ ಮೀನು ತಂದರೆ ಕಿವಿರಿನ ಹತ್ತಿರ ಬೆರಳಲ್ಲಿ ಒಮ್ಮೆ ಒತ್ತಿ, ನಿನ್ನೆಯದೋ ಇವತ್ತಿನದೋ ಹೇಳುತ್ತಿದ್ದರು. "ಕಣ್ಣು ಮೋಸ ಮಾಡ್ತದೆ ಮಗಾ, ಕೈ ಮಾಡುವುದಿಲ್ಲ" ಎನ್ನುವುದು ಅವರ ಮಾತು. ನನ್ನ ಕೈಯ ಬಗ್ಗೆ ಮಾತ್ರ ಅವರಿಗೆ ಅಷ್ಟು ನಂಬಿಕೆ ಇರಲಿಲ್ಲ. "ಕಾನ್ವೆಂಟಿನ ಕೈ, ಪೆನ್ನು ಹಿಡಿಯುವುದಕ್ಕೆ ಚಂದ" ಎಂದು ನೆಂಟರೆದುರು ನಗುತ್ತಿದ್ದರು. ಅದರಲ್ಲಿ ವಿಷ ಇರಲಿಲ್ಲ. ನಾನೂ ನಗುತ್ತಿದ್ದೆ. ಆದರೆ ಆ ಮಾತು ಎಲ್ಲೋ ಕೂತಿತ್ತು.

ಕೊಡಪಾನ ಅತ್ತೆಯ ತಾಯಿಯದ್ದು. ನಮ್ಮಲ್ಲಿ ತಾಯಿಯ ತಾಮ್ರ ಮಗಳಿಗೆ ಹೋಗುತ್ತದೆ, ಸೊಸೆಗಲ್ಲ. ಹಾಗಾಗಿ ಅದು ಅತ್ತೆಯ ನಂತರ ನನ್ನ ನಾದಿನಿ ವಾರಿಜಳಿಗೆ ಸೇರಬೇಕಾದದ್ದು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದರ ಹೊಟ್ಟೆಯ ಒಂದು ಬದಿಯಲ್ಲಿ ಹೆಬ್ಬೆರಳು ಕೂರುವಷ್ಟು ನೆಗ್ಗು ಇತ್ತು. ಸಣ್ಣವರಿದ್ದಾಗ ಅತ್ತೆ ಬಾವಿಕಟ್ಟೆಗೆ ಬಡಿದು ಮಾಡಿದ್ದಂತೆ, ಅದಕ್ಕೆ ತಾಯಿಯಿಂದ ಪೆಟ್ಟೂ ತಿಂದಿದ್ದರಂತೆ. ಬೆಳಿಗ್ಗೆ ಎದ್ದು ಅಡುಗೆಮನೆಗೆ ಬಂದವರು ಮೊದಲು ಆ ನೆಗ್ಗಿನಲ್ಲಿ ಹೆಬ್ಬೆರಳಿಟ್ಟು, ಮತ್ತೆ ಗೆಣ್ಣಿನಿಂದ ಒಮ್ಮೆ ಬಡಿಯುತ್ತಿದ್ದರು. ಆ ಸದ್ದಿನಲ್ಲೇ ಎಷ್ಟು ನೀರು ಉಂಟೆಂದು ಅವರಿಗೆ ತಿಳಿಯುತ್ತಿತ್ತು. ಅರ್ಧ ಖಾಲಿಯಾದ ಕೊಡಪಾನದ ಆ ಉದ್ದನೆಯ ನಾದ ನನಗೂ ರೂಢಿಯಾಗಿತ್ತು — ಹಾಸಿಗೆಯಲ್ಲಿದ್ದೇ ಕೇಳುತ್ತಿದ್ದೆ.

ವಾರಿಜ ಬಿಕರ್ನಕಟ್ಟೆಯಲ್ಲಿ ಮನೆ ಕಟ್ಟಿಸಿದಳು. ಹೊಸ ಮನೆಗೆ ಮೊದಲ ನೀರು ತಾಯಿಮನೆಯ ತಾಮ್ರದಲ್ಲೇ ಒಳಗೆ ಹೋಗಬೇಕು ಎನ್ನುವುದು ಈ ಕುಟುಂಬದ ಕ್ರಮ. ಅವಳು ಕೊಡಪಾನವನ್ನು ಕೊಂಡು ಹೋದಳು. ಗೃಹಪ್ರವೇಶ ಮುಗಿದ ಮೇಲೆ ಅತ್ತೆ ಅಲ್ಲಿಂದಲೇ ತಮ್ಮ ತಂಗಿಯ ಮನೆಗೆ ಹೋಗಿ ಕೆಲವು ದಿನ ಉಳಿದರು. ಅಷ್ಟರಲ್ಲಿ ವಾರಿಜ ಕೊಡಪಾನವನ್ನು ಹಿಂದೆ ತಂದು ನನ್ನ ಕೈಗೆ ಕೊಟ್ಟಳು. ಕುಂಕುಮ, ಎಣ್ಣೆ, ಹೊಗೆ ಎಲ್ಲ ಮೆತ್ತಿತ್ತು.

"ಅತ್ತಿಗೆ, ತೊಳೆದು ತರ್ಲಿಕ್ಕೆ ಪುರುಸೊತ್ತೇ ಆಗ್ಲಿಲ್ಲ. ಅಮ್ಮನಿಗೆ ಹೇಳ್ಬೇಡಿ ಮತ್ತೆ, ನನ್ನ ಚರ್ಮ ಸುಲಿತಾರೆ" ಎಂದು ನಕ್ಕಳು.

ಅತ್ತೆ ಬರುವುದರೊಳಗೆ ಅದನ್ನು ಕನ್ನಡಿಯ ಹಾಗೆ ಮಾಡಿಡಬೇಕೆಂದು ನನಗನಿಸಿತು. ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ ಕೂತು ಹುಣಸೆಹುಳಿ ಹಚ್ಚಿದೆ. ಎತ್ತಿ ತಿರುಗಿಸುವಾಗ ಹುಳಿಯ ಲೋಳೆಗೆ ಕೈ ಜಾರಿತು. ಕೊಡಪಾನ ಕಲ್ಲಿನ ಅಂಚಿಗೆ ಬಿತ್ತು. ಕುತ್ತಿಗೆ ಹೊಟ್ಟೆಗೆ ಸೇರುವಲ್ಲಿ ಬಾಯಿ ಬಿಟ್ಟಿತು.

ಆಗಲೇ ವಾರಿಜಳಿಗೆ ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಹಂಪನಕಟ್ಟೆಯ ಬಸ್ಸು ಹತ್ತಿದೆ.

ಅಲ್ಲಿ ಒಂದು ಓಣಿಯಲ್ಲಿ ಎಸಿ, ಫ್ರಿಜ್ ರಿಪೇರಿ ಮಾಡುವವನೊಬ್ಬ ತಾಮ್ರದ ಪೈಪುಗಳಿಗೆ ಗ್ಯಾಸ್ ವೆಲ್ಡಿಂಗ್ ಹಾಕುತ್ತಿದ್ದ. ಕೊಡಪಾನ ನೋಡಿ ಅವನಿಗೆ ನಗು ಬಂತು.

"ಎಂತ ಅಕ್ಕ, ಇದರ ಕೂಲಿಂಗ್ ಹೋಗಿದೆಯಾ?"

"ಗೆರೆ ಕಾಣಬಾರದು" ಎಂದೆ.

"ಗೆರೆ ಕಾಣದೆ ಹೇಗೆ? ವೆಲ್ಡಿಂಗ್ ಅಲ್ವಾ ಮಾರಾಯ್ರೆ."

"ಅರ ಹಾಕಿ ಉಜ್ಜಿ ಮಟ್ಟ ಮಾಡಿ ಕೊಡಿ. ಉಳಿದದ್ದು ನಾನು ನೋಡ್ತೇನೆ."

ಅವನು ಬೆಂಕಿ ಹಿಡಿದ. ತಾಮ್ರ ಕೆಂಪಗಾಗಿ, ಮತ್ತೆ ಕಪ್ಪಾಯಿತು. ಅರ ಹಾಕಿದ ಮೇಲೆ ಹೊಟ್ಟೆಯ ನೆಗ್ಗನ್ನು ಬೆರಳಲ್ಲಿ ಮುಟ್ಟಿ, "ಇದನ್ನೂ ತೆಗೀಬೇಕಾ? ಈಗ ಮೆತ್ತಗೆ ಉಂಟು, ಎರಡು ಪೆಟ್ಟು ಸಾಕು" ಎಂದು ಕೇಳಿದ. ತೆಗೆಯಿರಿ ಎಂದೆ. ಏಕೆ ಹೇಳಿದೆನೋ — ಎಲ್ಲ ನುಣ್ಣಗಾಗಲಿ ಎಂದಷ್ಟೇ ಆಗ ತಲೆಯಲ್ಲಿದ್ದದ್ದು. ದಿನವೂ ಆ ನೆಗ್ಗಿನಲ್ಲಿ ಕೂರುತ್ತಿದ್ದ ಹೆಬ್ಬೆರಳು ನೆನಪಿಗೆ ಬರಲಿಲ್ಲ.

ಮನೆಗೆ ಬಂದ ಕೊಡಪಾನ ನೋಡುವಂತಿರಲಿಲ್ಲ. ಕುತ್ತಿಗೆಯ ಸುತ್ತ ಮಸಿ, ಅದರ ಕೆಳಗೆ ನೇರಳೆ, ಅದರ ಕೆಳಗೆ ಇಟ್ಟಿಗೆಯ ಕೆಂಪು. ಬೆಸುಗೆಯ ಮೇಲೆ ಅವನು ಹಾಕಿದ ಬಿಳಿ ಪುಡಿ ಕರಗಿ ಗಾಜಿನ ಹಾಗೆ ಗಟ್ಟಿಯಾಗಿ ಅಂಟಿತ್ತು. ಅದು ಬಿಸಿನೀರಿನಲ್ಲಿ ನೆನೆದ ಮೇಲೆ ಬಿಟ್ಟಿತು. ಹಿತ್ತಿಲಿನ ಮರದಿಂದ ಹುಳಿ ಬಿಂಬುಳಿಕಾಯಿ ಕೊಯ್ದು, ಉಪ್ಪು ಹಾಕಿ ಜಜ್ಜಿ, ಕಪ್ಪಾದ ಕಡೆಗೆಲ್ಲ ಹಚ್ಚಿಟ್ಟೆ. ಹುಳಿ ಆ ಕಪ್ಪನ್ನು ನಿಧಾನಕ್ಕೆ ತಿಂದಿತು. ಒಳಗಿನಿಂದ ಬಂದದ್ದು ತಾಮ್ರದ ಬಣ್ಣ ಅಲ್ಲ, ಬೆಂದ ಸಿಗಡಿಯ ಬಣ್ಣ, ಕಳೆಯಿಲ್ಲದ ಗುಲಾಬಿ. ಅದರ ಮೇಲೆ ತೀರಾ ನಯವಾದ ಎಮರಿ ಪೇಪರನ್ನು ನೀರಿನಲ್ಲಿ ಅದ್ದಿ, ಕುತ್ತಿಗೆಯ ಸುತ್ತ ಒಂದೇ ದಿಕ್ಕಿಗೆ ಎಳೆದೆ. ಅಡ್ಡಾದಿಡ್ಡಿ ಎಳೆದರೆ ಗೀರು ಬೆಳಕಿಗೆ ಕಾಣುತ್ತದೆ. ಮತ್ತೆ ಜರಡಿ ಹಿಡಿದ ಬೂದಿ, ಮತ್ತೆ ಹಳೆಯ ಹತ್ತಿ ಸೀರೆಯ ತುಂಡು. ತೊಳೆದ ಕೂಡಲೇ ಒರೆಸಿದೆ, ಹನಿ ನಿಂತರೆ ಕಂದು ಕಲೆ ಬೀಳುತ್ತದೆ.

ಶಾಲೆಯಲ್ಲಿ ನಮಗೆ ಹೊಲಿಗೆ ಕಲಿಸಿದ ಸಿಸ್ಟರ್, ತೇಪೆ ಹಾಕಿದ್ದು ಹಾಕಿದವಳಿಗೆ ಮಾತ್ರ ಗೊತ್ತಿರಬೇಕು ಎನ್ನುತ್ತಿದ್ದರು. ಕೆಲಸ ಮುಗಿದಾಗ ಆ ಮಾತು ನೆನಪಾಗಿ ನನಗೆ ಖುಷಿಯಾಯಿತು. ಅದನ್ನೂ ಇಲ್ಲಿ ಹೇಳಲೇಬೇಕು. ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಗೆರೆ ಇರಲಿಲ್ಲ. ಬಡಿದು ನೋಡಲಿಲ್ಲ.

ಅತ್ತೆ ಬಂದ ಮರುದಿನ ಬೆಳಿಗ್ಗೆ ನಾನು ದೋಸೆ ಹೊಯ್ಯುತ್ತಿದ್ದೆ. ಹಿಂದಿನಿಂದ ಟಕ್ ಎಂದಿತು. ಮರದ ಹಲಗೆಗೆ ಬಡಿದ ಹಾಗೆ. ಇನ್ನೊಮ್ಮೆ ಟಕ್. ತಿರುಗಿ ನೋಡಿದರೆ ಅತ್ತೆಯ ಅಂಗೈ ಕೊಡಪಾನದ ಹೊಟ್ಟೆಯ ಸುತ್ತ ನಿಧಾನಕ್ಕೆ ಸುತ್ತುತ್ತಿತ್ತು, ನೆಗ್ಗನ್ನು ಹುಡುಕುತ್ತ. ಒಂದು ಸುತ್ತು ಮುಗಿದು ಇನ್ನೊಂದು ಸುತ್ತು ಹೋಯಿತು. ಬೆಂಕಿ ಕಂಡ ತಾಮ್ರ ಮೆತ್ತಗಾಗುತ್ತದೆ, ಅದರ ದನಿ ಇಂಗುತ್ತದೆ ಎನ್ನುವುದು ನನಗೆ ಅರ್ಥವಾದದ್ದು ಆಗ.

"ಇದು ನನ್ನದಲ್ಲ" ಎಂದರು ಅತ್ತೆ.

ನನ್ನ ಗಂಡ ಚಾ ಕುಡಿಯುತ್ತ ಕೂತಿದ್ದರು. "ಅಮ್ಮಾ, ತೊಳೆದಿಟ್ಟರೆ ಎಲ್ಲ ಹೊಸದರ ಹಾಗೇ ಕಾಣ್ತದೆ" ಎಂದು ನಕ್ಕರು.

"ಕಾಣುವುದು ನಿಂಗೆ. ನಂಗೆ ಎಂತ ಕಾಣ್ತದೆ? ನಾನು ಕೈಯಿಂದ ಹೇಳುವುದು. ವಾರಿಜ ನಮ್ಮದನ್ನು ಅಲ್ಲೇ ಇಟ್ಟುಕೊಂಡು ಅಂಗಡಿಯದ್ದು ತಂದಿಟ್ಟಿದ್ದಾಳೆ." ಮತ್ತೆ ಮುಖವನ್ನು ನನ್ನ ಕಡೆ ತಿರುಗಿಸಿದರು. "ತೊಳೆದವಳು ನೀನಲ್ವಾ? ಹೇಳು. ಅವಳು ತಂದು ಕೊಟ್ಟದ್ದು ನಮ್ಮದೇನಾ?"

"ನಂಗೆ ಗೊತ್ತಾಗ್ಲಿಲ್ಲ ಅತ್ತೆ."

ನಾನು ಆಡಿದ ಮಾತು ಇದು. ದೋಸೆಯ ಅಂಚು ಕಾವಲಿಯಿಂದ ಏಳುತ್ತಿತ್ತು, ಅದನ್ನು ಮಗುಚಿದೆ.

ಅತ್ತೆ ಅಲ್ಲೇ ಫೋನ್ ಹಿಡಿದರು. ವಾರಿಜ ಮೊದಲು ತಮಾಷೆ ಎಂದುಕೊಂಡಳು. ಆಮೇಲೆ ಅವಳ ಸ್ವರ ಏರಿತು, ಫೋನ್ ಅತ್ತೆಯ ಕಿವಿಯಲ್ಲಿದ್ದರೂ ನನಗೆ ಕೇಳುತ್ತಿತ್ತು. "ನಾಳೆ ನಂಗೇ ಬರುವುದನ್ನು ನಾನು ಇವತ್ತು ಕದಿಯುವುದಾ ಅಮ್ಮಾ?" ಎಂದು ಕೇಳಿದಳು. ಅತ್ತೆ, "ಕೇಳಿದ್ರೆ ಕೊಡ್ತಿದ್ದೆ" ಎಂದಷ್ಟೇ ಹೇಳಿ ಫೋನ್ ಇಟ್ಟರು. ವಾರಿಜ ಕೂಡಲೇ ನನಗೆ ಫೋನ್ ಮಾಡಿದಳು. "ಅತ್ತಿಗೆ, ನಿಮ್ಮ ಕೈಗೇ ಕೊಟ್ಟದ್ದಲ್ವಾ, ನೀವಾದ್ರೂ ಹೇಳಿ" ಎಂದಳು. ಹೇಳುತ್ತೇನೆ ಎಂದೆ. ಸಂಜೆ ಹೇಳುವ ಎಂದುಕೊಂಡೆ, ಮತ್ತೆ ಭಾನುವಾರ — ಹಾಗೆಯೇ ಹೋಯಿತು.

ಅತ್ತೆ ಆ ಕೊಡಪಾನದ ನೀರನ್ನು ಮತ್ತೆ ಕುಡಿಯಲಿಲ್ಲ. ಸ್ಟೀಲಿನ ಪಾತ್ರೆಯಿಂದ ಕುಡಿದರು. "ನಮ್ಮದು ಅವಳ ಹತ್ತಿರ ಉಂಟು. ಇದನ್ನು ನೀನೇ ಇಟ್ಟುಕೋ" ಎಂದು ನನಗೆ ಕೊಟ್ಟುಬಿಟ್ಟರು. ನಮ್ಮ ಕ್ರಮದಲ್ಲಿ ಸೊಸೆಗೆ ಎಂದೂ ಸೇರದ ವಸ್ತು ಹಾಗೆ ನನಗೆ ಸೇರಿತು. ಕೈ ಮೋಸ ಮಾಡುವುದಿಲ್ಲ ಎಂಬ ಅತ್ತೆಯ ಮಾತು ಸುಳ್ಳಾಯಿತೆಂದು ಎಷ್ಟೋ ದಿನ ಯೋಚಿಸಿದ್ದೇನೆ. ಹಾಗೇನೂ ಅಲ್ಲ. ಕೊಡಪಾನ ಬದಲಾಗಿದೆ ಎಂದು ಕೈ ಹೇಳಿದ್ದು ಸರಿಯೇ. ಬದಲಾಯಿಸಿದವಳು ಯಾರೆಂದು ಹೇಳುವುದು ಕೈಯ ಕೆಲಸವಾಗಿರಲಿಲ್ಲ. ಅದು ನನ್ನದಾಗಿತ್ತು.

ವಾರಿಜ ಬರುವುದು ಕಡಿಮೆಯಾಯಿತು. ಬಂದರೂ ಚಾವಡಿಯಲ್ಲೇ ಕೂತು ಹೋಗುತ್ತಿದ್ದಳು. ಅತ್ತೆಯ ಕೊನೆಯ ದಿನ ಬಂದು ಸ್ಟೀಲಿನ ಚಮಚದಲ್ಲಿ ಬಾಯಿಗೆ ನೀರು ಬಿಟ್ಟಳು. ಅಡುಗೆಮನೆಯ ಬಾಗಿಲಿನಿಂದ ಕೊಡಪಾನ ಅವಳಿಗೆ ಕಾಣುತ್ತಿತ್ತು. ಅವಳು ಆ ಕಡೆ ನೋಡಲಿಲ್ಲ.

ಇನ್ನೊಂದು ವಿಷಯ. ತಾಮ್ರವನ್ನು ತಿಕ್ಕದೆ ಬಿಟ್ಟರೆ ಮಂಕಾಗುತ್ತದೆ, ಬೆಸುಗೆಯ ಜಾಗ ಮಾತ್ರ ಬೇರೆ ಬಣ್ಣಕ್ಕೆ ತಿರುಗುತ್ತದೆ. ಕುತ್ತಿಗೆಯ ಸುತ್ತ ತೆಳ್ಳಗೆ ಒಂದು ಬೂದು ಗೆರೆ ಏಳುತ್ತದೆ. ಆ ಗೆರೆ ಏಳಬಾರದೆಂದೇ ಇಷ್ಟು ವರ್ಷ ನಾನು ಅದನ್ನು ತಪ್ಪದೆ ತಿಕ್ಕಿದ್ದು. ಬಂದವರು, ಎಷ್ಟು ಚಂದ ಇಟ್ಟುಕೊಂಡಿದ್ದೀರಿ ಎನ್ನುತ್ತಿದ್ದರು.

ಅತ್ತೆಯ ವರ್ಷಾಂತಿಕ ಮುಗಿದ ಮೇಲೆ ತಿಕ್ಕುವುದನ್ನು ನಿಲ್ಲಿಸಿದೆ. ಮಳೆಗಾಲ ಕಳೆಯುವಷ್ಟರಲ್ಲಿ ಗೆರೆ ಪೂರ್ತಿ ಮೂಡಿತು. ಕಳೆದ ಭಾನುವಾರ ಅದೇ ಚೀಲಕ್ಕೆ ಹಾಕಿ ಬಿಕರ್ನಕಟ್ಟೆಗೆ ಹೋದೆ. ವಾರಿಜಳ ಮನೆಯ ಮುಂದಿನ ಸಿಟೌಟಿನಲ್ಲಿ ಅದನ್ನು ಕೆಳಗಿಟ್ಟು, ಇಲ್ಲಿ ಬರೆದಷ್ಟನ್ನೂ ಹೇಳಿದೆ. ಅವಳು ಬೂದು ಗೆರೆಯ ಮೇಲೆ ಬೆರಳು ಓಡಿಸಿದಳು. ಗೆಣ್ಣಿನಿಂದ ಒಮ್ಮೆ ಬಡಿದಳು — ತಾಯಿಯ ಹಾಗೆಯೇ.

"ನೆಗ್ಗು?"

"ಅದನ್ನೂ ನಾನೇ ತೆಗೆಸಿದ್ದು."

ಒಳಗೆ ಒಲೆಯ ಮೇಲೆ ಸಾರು ಕುದಿಯುವ ಸದ್ದು ಬರುತ್ತಿತ್ತು.

"ಅಮ್ಮನಿಗೆ ಕಡೆಗಾದ್ರೂ ಹೇಳಿದ್ರಾ ಅತ್ತಿಗೆ? ಕಿವಿಯಲ್ಲಾದ್ರೂ?"

"ಇಲ್ಲ."

ಅವಳು ಎದ್ದು, ಉರಿ ಸಣ್ಣ ಮಾಡಲು ಒಳಗೆ ಹೋದಳು. ಸಾರು ಕುದಿಯುವುದು ನಿಂತಿತು. ಅವಳು ಹೊರಗೆ ಬರಲಿಲ್ಲ. ನಾನು ಸ್ವಲ್ಪ ಹೊತ್ತು ಕೂತಿದ್ದು, ಖಾಲಿ ಚೀಲವನ್ನು ಮಡಚಿ ಎದ್ದೆ. ಕೊಡಪಾನ ಸಿಟೌಟಿನಲ್ಲೇ ಇತ್ತು, ಮಂಕಾಗಿ, ಗೆರೆ ಹೊತ್ತುಕೊಂಡು.